ಕಿಟ್ಟದದಿನ್ನಿಯ ತಾಮ್ರದ ಗಟ್ಟಿ

ಕಿಟ್ಟದದಿನ್ನಿ,
ದೇವದುರ್ಗ ತಾಲ್ಲೂಕು
6-7-2025, ಭಾನುವಾರ

ಗೆಳೆಯ ಖಲೀಲನಿಗೆ ಗಡಿಗೆಪ್ಪನ ಶರಣು.

ಈ ಕಾಗದವನ್ನು ನೀನು ಓದುತ್ತೀಯೋ, ನನ್ನ ಅಕ್ಷರ ನೋಡಿ ಹಾಗೆಯೇ ಮಡಿಚಿ ಇಡುತ್ತೀಯೋ ಗೊತ್ತಿಲ್ಲ. ಎಂಟು ತಿಂಗಳು ಸುಮ್ಮನಿದ್ದು ಈಗ ಬರೆಯುತ್ತಿದ್ದೇನೆ, ತಪ್ಪು ನನ್ನದೇ. ಈ ವಾರ ಫೋನು ಮೂರು ಸಲ ಮಾಡಿದ್ದೆ. ನಿನ್ನ ಮಗಳು ನಗ್ಮಾ ಎತ್ತಿದಳು. ಒಮ್ಮೆ, “ಅಬ್ಬಾ ನಮಾಜಿಗೆ ಹೋಗ್ಯಾರ್ರೀ ಕಾಕಾ” ಎಂದಳು. ಇನ್ನೊಮ್ಮೆ, “ಮಲಗ್ಯಾರ್ರೀ” ಎಂದಳು. ಮೂರನೆಯ ಸಲ ಏನೂ ಹೇಳದೆ ಇಟ್ಟುಬಿಟ್ಟಳು. ಆಗ ಹಿಂದಿನಿಂದ ನಿನ್ನ ಕೆಮ್ಮು ಕೇಳಿಸಿತು. ಹಾಗಾಗಿ ಕಾಗದ.

ಮೊದಲು ಹೇಳಬೇಕಾದ ಸುದ್ದಿ ಹೇಳುತ್ತೇನೆ. ಅನ್ನಮ್ಮ ಹೋಗಿಬಿಟ್ಟಳು. ಫೆಬ್ರುವರಿ ಹತ್ತೊಂಬತ್ತಕ್ಕೆ. ಒಂಬತ್ತು ದಿನ ಜ್ವರ. ಮೂರು ದಿನ ದೇವದುರ್ಗದಲ್ಲಿ ತೋರಿಸಿದೆವು, ಆಮೇಲೆ ಆರು ದಿನ ರಾಯಚೂರಿನ ಆಸ್ಪತ್ರೆ. ನಿನ್ನ ಅಳಿಯನ ಕುಕ್ಕರ್ ರಿಪೇರಿ ಅಂಗಡಿ ಅಲ್ಲಿಂದ ಎರಡು ಓಣಿ ಆಚೆ. ನಿನಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ. ಗೊತ್ತಿದ್ದೂ ಬರಲಿಲ್ಲವೇನೋ ಎಂದೂ ಅಂದುಕೊಳ್ಳುತ್ತೇನೆ. ನನ್ನ ತಲೆ ಈಗ ಹೀಗೆಯೇ ಓಡುತ್ತದೆ. ಮೊನ್ನೆ ಹಾಲಿನವನು ಚಿಲ್ಲರೆ ಸರಿಯಾಗಿ ಕೊಟ್ಟನೆಂದು ಅವನ ಮೇಲೂ ಅನುಮಾನ ಬಂತು.

ಮನೆಯಲ್ಲಿ ನಾನೊಬ್ಬನೇ. ಜೋಳದ ಹಿಟ್ಟು ತೆಗೆಯುವಾಗ ಕೈ ತಾನಾಗಿ ಎರಡು ಸಲ ಡಬ್ಬಿಗೆ ಹೋಗುತ್ತದೆ. ಉಳಿದದ್ದನ್ನು ಮರಳಿ ಹಾಕುತ್ತೇನೆ. ಗುಡ್ಡದ ಕಾವಲು ಇನ್ನೂ ನನ್ನದೇ. ಗುಡ್ಡ ಅಗೆಸುವ ಪುರಾತತ್ವ ಇಲಾಖೆಯ ಸುನಂದಾ ಮೇಡಂ ಕೊಟ್ಟ ನೋಟುಬುಕ್ಕಿನಲ್ಲಿ ದಿನವೂ ಬರೆಯುತ್ತೇನೆ. ಯಾರು ಬಂದರು, ಯಾವ ಗುಂಡಿಯ ಹತ್ತಿರ ಹೋದರು, ದನ ಹತ್ತಿದವೋ ಇಲ್ಲವೋ. ಏಳನೆಯ ಇಯತ್ತೆ ಓದಿದವನಿಗೆ ಅಷ್ಟು ಸಾಕು. ಅನ್ನಮ್ಮ ಹೋದ ದಿನದ ಪುಟದಲ್ಲಿ “ರಜಾ” ಎಂದು ಮಾತ್ರ ಬರೆದಿದ್ದೇನೆ.

ಈಗ ಮುಖ್ಯ ಮಾತು. ಪರೀಕ್ಷೆಗೆ ಕಳಿಸಿದ್ದ ತಾಮ್ರದ ಗಟ್ಟಿಯ ವರದಿ ಬಂದಿದೆ.

ಆ ಗಟ್ಟಿ ಸಿಕ್ಕ ದಿನ ನಿನಗೆ ಮರೆತಿರಲಿಕ್ಕಿಲ್ಲ. ಹೋದ ವರ್ಷ ಮಾರ್ಚಿನಲ್ಲಿ, ಮೂರನೆಯ ಗುಂಡಿಯ ಬಾಯಲ್ಲಿ. ನಾವು ಸಣ್ಣವರಿದ್ದಾಗ ಆ ಗುಂಡಿಗಳು ಮುಳ್ಳುಹಂದಿಯ ಮನೆ ಎಂದುಕೊಂಡಿದ್ದೆವು. ಕಲ್ಲಿನ ಹಸುರು ಎಳೆ ಹಿಡಿದು ಹಿಂದಿನ ಕಾಲದವರು ಓರೆಯಾಗಿ ಕೊರೆದುಕೊಂಡು ಹೋದ ತಾಮ್ರದ ಗಣಿ ಅದು ಎಂದು ಮೇಡಂ ಬಂದ ಮೇಲೆಯೇ ಗೊತ್ತಾದದ್ದು. ಬಂಡೆಯ ಮೇಲಿನ ಒರಳಿನಂಥ ಕುಳಿಗಳಲ್ಲಿ ಅದಿರು ಕುಟ್ಟುತ್ತಿದ್ದರಂತೆ. ಊರಿನ ಅರ್ಧ ಮನೆಗಳ ಬುನಾದಿಗೆ ನಾವು ಹೊತ್ತು ಹಾಕಿದ ಕರಿ ಕಿಟ್ಟ, ಅವರು ತಾಮ್ರ ಕರಗಿಸಿ ಚೆಲ್ಲಿದ್ದಂತೆ. ನೀನು ಕಲಾಯಿ ಮಾಡುವವನು, ನಲವತ್ತು ವರ್ಷ ಮಾನ್ವಿ, ದೇವದುರ್ಗದ ಊರೂರಿನ ಹಂಡೆ ಕೊಡಗಳಿಗೆ ತವರ ಬಳಿದವನು. ಅಗೆತದ ಕೂಲಿಗೆ ಬಂದ ಮೂರನೆಯ ದಿನವೇ ಬುಟ್ಟಿಯ ಮಣ್ಣಿನಲ್ಲಿ ಒಂದು ಮುದ್ದೆ ಎತ್ತಿ, “ಮೇಡಂ, ಇದು ಕಲ್ಲಲ್ಲ, ತೂಕ ಬ್ಯಾರೆ ಅದ” ಎಂದವನು ನೀನೇ. ಒಂದೂಕಾಲು ಕಿಲೋ. ಮೈತುಂಬ ಹಸುರು ಕಿಲುಬು. ಆ ಕಿಲುಬಿನಲ್ಲಿ ಹೆಬ್ಬೆರಳಷ್ಟು ಜಾಗದಲ್ಲಿ ಬಟ್ಟೆಯ ನೇಯ್ಗೆ ಅಚ್ಚಾಗಿ ಕೂತಿತ್ತು. ಯಾರೋ ಗಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಮೇಡಂ ಗಟ್ಟಿಯನ್ನು ಬಿಟ್ಟು ಆ ನೇಯ್ಗೆಯನ್ನೇ ಅರ್ಧ ತಾಸು ನೋಡಿದರು.

ಮಳೆಗಾಲಕ್ಕೆ ಕೆಲಸ ನಿಂತಿತು. ಗಟ್ಟಿಯನ್ನು ಹೊಸ ಬಟ್ಟೆಯಲ್ಲಿ ಸುತ್ತಿ, ನಂಬರಿನ ಚೀಟಿ ಹಾಕಿ, ಪೆಟ್ಟಿಗೆಯಲ್ಲಿಟ್ಟು ಗುಡ್ಡದ ಬುಡದ ಖೋಲಿಯಲ್ಲಿ ಇಟ್ಟರು. ಕೀಲಿ ನನ್ನ ಹತ್ತಿರ. ನವೆಂಬರ್ ಹದಿನೆಂಟಕ್ಕೆ ಮೇಡಂ ಬಂದು ಪೆಟ್ಟಿಗೆ ತೆರೆದರೆ, ಗಟ್ಟಿ ಅಂಗಡಿಯಿಂದ ತಂದ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

“ಗಡಿಗೆಪ್ಪ, ಇದು ನಮ್ಮದಲ್ಲ” ಎಂದರು ಮೇಡಂ. ಅವರ ದನಿಯೇ ಬೇರೆಯಾಗಿತ್ತು. “ನಮ್ಮದನ್ನ ಒಯ್ದು ಬ್ಯಾರೆ ಇಟ್ಟಾರ. ಯಾರು ಬಂದಿದ್ರು ಇಲ್ಲಿ?”

ಜೀಪಿನ ಡ್ರೈವರ್ ಅಯ್ಯಣ್ಣ ಬಾಗಿಲಲ್ಲೇ ನಿಂತು, “ಕಲಾಯಿ ಸಾಬನ ಕೈಗಿ ಕೀಲಿ ಕೊಟ್ಟು ನೀ ಹೊದ್ಕೊಂಡು ಮಕ್ಕೊಂಡಿರಬೇಕು” ಎಂದು ನಕ್ಕ.

ನಾನು ನೋಟುಬುಕ್ಕು ತೆಗೆದು ತೋರಿಸಿದೆ. ಅಕ್ಟೋಬರಿನ ಖಂಡೇನವಮಿಯ ಪುಟ, ಆಯುಧಪೂಜೆಯ ದಿನದ್ದು. “ಪೂಜೆಗಾಗಿ ಖೋಲಿ ತೆರೆದಿತ್ತು. ಖಲೀಲ ಕಟ್ಟೆಯ ಮುಂದೆ ಕೆಂಡ ಹಾಕಿ ಊರವರ ಪಾತ್ರೆಗೆ ಕಲಾಯಿ ಮಾಡುತ್ತಿದ್ದ.” ಬೇರೆ ಯಾರಿದ್ದರು ಎಂದು ಮೇಡಂ ಕೇಳಿದರು. ಯಾರೂ ಇರಲಿಲ್ಲ ಎಂದೆ. ಅವತ್ತಿನಿಂದ ನಿನಗೆ ಅಗೆತದ ಕೆಲಸ ಹೋಯಿತು. ಊರಲ್ಲಿ ಪಾತ್ರೆ ಕೊಡುವವರೂ ಇಲ್ಲವಾದರು.

ಈಗಿನ ವರದಿ ಹೇಳುವುದೇ ಬೇರೆ. ಗಟ್ಟಿ ಅದೇ ಗಟ್ಟಿಯಂತೆ. ಹಳೆಯ ತಾಮ್ರವೇ. ಯಾರೂ ಬದಲಿಸಿಲ್ಲ. ಯಾರೋ ಹುಳಿ ಹಾಕಿ ಕಿಲುಬು ತೆಗೆದಿದ್ದಾರೆ, ಅದರ ಜೊತೆಗೆ ಬಟ್ಟೆಯ ಅಚ್ಚೂ ಹೋಗಿದೆ. “ಕಳುವು ಅಲ್ಲ ಅಂತಾತು. ತಿಳೀದ ಮಾಡಿದ್ದು ಅಂತ ಒಬ್ರು ಬರದುಕೊಟ್ರ ಫೈಲ್ ಮುಗಸ್ತೀನಿ. ಇಲ್ಲಂದ್ರ ತಿಂಗಳ ಕೊನಿಗಿ ಇದು ಪೊಲೀಸರ ಕಡಿ ಹೋಗ್ತದ” ಎಂದಿದ್ದಾರೆ ಮೇಡಂ.

ಖಲೀಲ, ನಾನು ಯೋಚನೆ ಮಾಡಿದೆ. ಕಿಲುಬು ತಿನ್ನುವ ತೇಜಾಬು ಯಾರ ಚೀಲದಲ್ಲಿತ್ತು? ಕಲಾಯಿಗೆ ಮೊದಲು ಉಜ್ಜುವ ನವಸಾಗರ ಯಾರ ಹತ್ತಿರ ಇತ್ತು? ಕಿಲುಬು ಕಂಡರೆ ತಿಕ್ಕದೆ ಬಿಡಲಾರದ ಕೈ ಯಾರದು? ಇನ್ನೊಂದು. ಹದಿನಾರು ಪಾತ್ರೆಗಳ ಕೆಲಸ ಬಾಕಿ ಇದ್ದರೂ ನೀನು ಹಬ್ಬದ ಮರುದಿನ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೊರಟುಬಿಟ್ಟೆ. ಅವಸರ ಏನಿತ್ತು? ನಿನ್ನನ್ನು ಕಳ್ಳ ಎಂದದ್ದು ತಪ್ಪು ಎಂದು ಒಪ್ಪುತ್ತೇನೆ. ಉಳಿದದ್ದು ಒಪ್ಪಲು ನನಗೆ ದಾರಿ ಕಾಣುತ್ತಿಲ್ಲ.

ಇದರೊಳಗೆ ಇನ್ನೊಂದು ಹಾಳೆ ಇದೆ. “ತಿಳಿಯದೆ ಗಟ್ಟಿಯನ್ನು ತೊಳೆದವನು ನಾನೇ” ಎಂದು ನಿನ್ನ ಪರವಾಗಿ ಬರೆದಿದ್ದೇನೆ. ಸಹಿ ಹಾಕಿ ಕಳಿಸು. ನಿನಗೇನೂ ಆಗದ ಹಾಗೆ ನೋಡಿಕೊಳ್ಳುವುದು ನನ್ನ ಹೊಣೆ. ನೀನು ಮಾಡಿಲ್ಲದಿದ್ದರೆ ಅದನ್ನೇ ನೇರವಾಗಿ ಬರೆ, ಯಾರು ಮಾಡಿದರು ಎಂದೂ ಬರೆ. ಸುಮ್ಮನಿರಬೇಡ. ನಿನ್ನ ಸುಮ್ಮನಿರುವಿಕೆಯಲ್ಲಿ ನನಗೆ ಏನೇನೋ ಕಾಣುತ್ತದೆ.

ನಗ್ಮಾಳ ಕೂಸು ನಡೆಯುತ್ತಿರಬೇಕು. ದೇವರು ಚೆನ್ನಾಗಿಟ್ಟಿರಲಿ.

ನಿನ್ನ
ಗಡಿಗೆಪ್ಪ


ಕಿಟ್ಟದದಿನ್ನಿ
27-7-2025, ಭಾನುವಾರ

ಖಲೀಲಣ್ಣನಿಗೆ,

ನಿನ್ನನ್ನು ಅಣ್ಣ ಎಂದು ಕರೆದದ್ದು ಇದೇ ಮೊದಲು. ನನಗಿಂತ ಎರಡು ವರ್ಷಕ್ಕೆ ದೊಡ್ಡವನಾದರೂ ಹಾಗೆ ಕರೆಯಬೇಕು ಅನ್ನಿಸಿರಲಿಲ್ಲ. ನೀನು ಕಳಿಸಿದ ಲಕೋಟೆ ಹದಿನೈದನೆಯ ತಾರೀಖಿಗೇ ಬಂದಿತ್ತು. ಉತ್ತರಕ್ಕೆ ಹನ್ನೆರಡು ದಿನ ಹಿಡಿಯಿತು. ಯಾಕೆ ಎಂದು ಹೇಳುತ್ತೇನೆ, ಓದುವ ತಾಳ್ಮೆ ಇರಲಿ.

ಲಕೋಟೆಯಲ್ಲಿ ನಾನು ಕಳಿಸಿದ ಹಾಳೆಯೇ ಇತ್ತು. ಕೆಳಗೆ ಉರ್ದುವಿನಲ್ಲಿ ನಿನ್ನ ಸಹಿ. ಬೇರೆ ಒಂದಕ್ಷರ ಇಲ್ಲ. ನೋಡಿದ ಕೂಡಲೇ, ನಾನು ಅಂದುಕೊಂಡದ್ದು ಸರಿಯಾಯಿತಲ್ಲ ಎಂದು ಸಮಾಧಾನವಾಯಿತು. ಹೊಟ್ಟೆತುಂಬ ಉಂಡೆ. ಅನ್ನಮ್ಮ ಹೋದ ಮೇಲೆ ಅಷ್ಟು ಉಂಡದ್ದು ಅವತ್ತೇ. ಮರುದಿನ ಮುಂಜಾನೆ ಗುಡ್ಡದ ಮೇಲೆ ಕೂತಾಗ ಬೇರೆ ಹುಳ ಹೊಕ್ಕಿತು. ಒಂದು ಸುಳ್ಳು ಮಾತಿಗೆ ದೇವದುರ್ಗದ ಸಂತೆಯಲ್ಲಿ ವ್ಯಾಪಾರಿಯ ಕೊರಳಪಟ್ಟಿ ಹಿಡಿದವನು ನೀನು. ಇಷ್ಟು ಸುಲಭವಾಗಿ ಸಹಿ ಹಾಕಿದ್ದು ಯಾಕೆ? ಇದರಲ್ಲಿ ಇನ್ನೇನೋ ಮುಚ್ಚಿಡುತ್ತಿದ್ದಾನೆ ಎಂದು ಹಾಳೆಯನ್ನು ಮೇಡಂಗೆ ಕೊಡದೆ ಜೇಬಿನಲ್ಲೇ ಇಟ್ಟುಕೊಂಡೆ. ನಿನ್ನ ಮೇಲಿನ ಅನುಮಾನವೇ ನಿನ್ನನ್ನು ಉಳಿಸಿತು ಅನ್ನಬೇಕು.

ನಾಲ್ಕು ದಿನ ಕಳೆದ ಮೇಲೆ ನಲ್ಲಿಯ ಹತ್ತಿರ ಗೋಪಮ್ಮ ಸಿಕ್ಕಳು. ಅಗೆತದಲ್ಲಿ ಮಡಕೆಚೂರು ತೊಳೆಯುತ್ತಿದ್ದಳಲ್ಲ, ಅವಳೇ. ಸುಗ್ಗಿ ಕೂಲಿಗೆಂದು ಗಿಲ್ಲೆಸುಗೂರು ಕಡೆ ಹೋದವಳು ಅಲ್ಲೇ ತಂಗಿಯ ಮನೆಯಲ್ಲಿ ಉಳಿದು ಈಗ ಬಂದಿದ್ದಾಳೆ. ನಾನು ಪೂಜೆಯ ತಂಬಿಗೆಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದೆ. ಶ್ರಾವಣ ಬಂತಲ್ಲ.

“ಯಣ್ಣಾ, ಬೂದಿಗಿ ಅದು ಬಿಡಂಗಿಲ್ಲ. ಹುಣಸಿಹಣ್ಣು ಹಚ್ಚು” ಎಂದಳು. “ನಿನ್ನ ಹೇಣ್ತಿ ಇದ್ದಿದ್ರ ನಗ್ತಿದ್ಳು. ಆಕಿ ತಾಮ್ರ ತಿಕ್ಕಾದಂದ್ರ ತಿಕ್ಕಾದು. ಗುಡ್ಡದ ಆ ಮುದ್ದೀನ ಹೆಂಗ ಹೊಳಿಸಿದ್ಳು, ಯಪ್ಪಾ, ಮಾರಿ ಕಾಣ್ತಿತ್ತು ಅದರಾಗ.”

ತಂಬಿಗೆ ನನ್ನ ಕೈಯಲ್ಲೇ ಇತ್ತು. ಯಾವ ಮುದ್ದೆ ಎಂದು ಕೇಳಿದೆ.

“ಅದ, ಪೆಟಿಗ್ಯಾಗ ಬಟ್ಟಿ ಸುತ್ತಿ ಇಟ್ಟಿದ್ರಲ್ಲ. ಖಂಡೇನವಮಿ ದಿನ. ಗುದ್ದಲಿ, ಸಲಿಕಿ, ತಕ್ಕಡಿ ಎಲ್ಲಾ ಪೂಜಾಕ್ಕ ತೊಳ್ಯಾಕತ್ತಿದ್ವಿ. ಅದನ್ನೂ ತೆಗದ್ಳು. ಬಿಡಬೇ, ಅದು ಕಲ್ಲು ಅಂದೆ. ಇಲ್ಲ ಗೋಪಿ, ಇದು ತಾಮ್ರ. ಸಾವಿರಾರು ವರ್ಷದ್ದು ಅಂತಾರ, ಅದಕ್ಕ ಅರಿಷಿಣ ಕುಂಕುಮ ಹಚ್ಚಾದು ಬ್ಯಾಡೇನು, ಕಿಲುಬು ಹಿಡದದ್ದು ದೇವ್ರ ಮುಂದ ಹೆಂಗ ಇಡಾದು ಅಂದ್ಳು. ಎರಡು ಮುಷ್ಟಿ ಹುಣಸಿಹಣ್ಣು, ಒಂದು ಮುಷ್ಟಿ ಉಪ್ಪು.”

ನಾನು ಏನು ಕೇಳಿದೆ ಗೊತ್ತೇ? “ಇದನ್ನ ಹೇಳು ಅಂತ ಖಲೀಲ ನಿನಗ ಹೇಳಿಕೊಟ್ಟಾನೇನು?” ಎಂದು ಕೇಳಿದೆ.

ಅವಳು ಕೊಡವನ್ನು ಕೆಳಗಿಟ್ಟಳು. “ಖಲೀಲ ಯಾಕ ಹೇಳಿಕೊಡ್ತಾನ? ನೋಡಿ ಹಣಿ ಬಡಕೊಂಡಾವ ಅವನ. ಅಕ್ಕಾ, ಏನು ಮಾಡ್ದಿ, ಕಿಲುಬು ಮುಟ್ಟಬ್ಯಾಡ್ರಿ ಅಂತ ಮೇಡಂ ನಮಗೆಲ್ಲಾ ಹೇಳಿದ್ರಲ್ಲ ಅಂದ. ನಿನ್ನ ಹೇಣ್ತಿ ಮಾರಿ ಇಷ್ಟಾತು. ನಾ ಮನಿಗಿ ಹೋದೆ, ಮುಂದಿಂದು ಗೊತ್ತಿಲ್ಲ. ಆಕಿ ಕೈ ನೋಡಿದ್ದಿಲ್ಲೇನು ನೀನು? ಎಂಟು ದಿನ ಉಗುರು ಹಸುರಿದ್ವು.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ನೀವೆಲ್ಲಾ ಕಳುವಾಗ್ಯಾದ, ಕಳುವಾಗ್ಯಾದ ಅಂದ್ರಿ. ತಿಕ್ಕಿದ್ದು ಕಳುವೇನು? ನಾ ಬ್ಯಾರೇನೋ ಹೋಗ್ಯಾದ ಅಂತ ತಿಳಕೊಂಡೆ. ಮತ್ತ, ಗಂಡಸ್ರು ಪಂಚಾಯ್ತಿ ಮಾಡಾಕತ್ತಾಗ ನಮ್ಮನ್ನ ಯಾರು ಕೇಳಿದ್ರು?”

ಅಗೆತದವರಿಗೆಲ್ಲ ಮೇಡಂ ಹೇಳಿದ್ದರು, ನಿಜ. ಆದರೆ ಅನ್ನಮ್ಮ ಅಗೆತದವಳಲ್ಲ. ಕಾವಲುಗಾರನ ಹೆಂಡತಿ. ಹಬ್ಬದ ದಿನ ನಾಲ್ಕು ಸಾಮಾನು ತೊಳೆದುಕೊಡಲು ಬಂದವಳು. ಅವಳಿಗೆ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ, ನನಗಂತೂ ಹೊಳೆದಿರಲಿಲ್ಲ. ಕೆಳಗೆ ಬಿದ್ದ ಕಾಗದವನ್ನೂ ತುಳಿಯದವಳು ಅವಳು. ತೊಳೆದು, ಕುಂಕುಮ ಹಚ್ಚಿ, ಮತ್ತೆ ಒರೆಸಿ, ಅದೇ ಬಟ್ಟೆಯಲ್ಲಿ ಸುತ್ತಿ, ನಂಬರಿನ ಚೀಟಿಯನ್ನು ಅದೇ ಜಾಗದಲ್ಲಿ ಇಟ್ಟು ಪೆಟ್ಟಿಗೆ ಮುಚ್ಚಿರಬೇಕು.

ನೀನು ಸಹಿ ಹಾಕಿದ್ದು ಯಾಕೆ ಎಂದು ಆಗ ತಿಳಿಯಿತು. ನವೆಂಬರಿನಲ್ಲಿ ಇಡೀ ಊರು ಕಳ್ಳ ಎನ್ನುವಾಗ ನೀನು ಒಂದೇ ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನನ್ನ ಮನೆಯಲ್ಲೇ ಇದ್ದ ಹೆಂಗಸಿನ ಹೆಸರು ಅದು. ಹೇಳಲಿಲ್ಲ. ಅವಳು ತೀರಿಹೋಗಿದ್ದಾಳೆ ಎಂದು ನನ್ನ ಕಾಗದದಲ್ಲಿ ಓದಿದ ಮೇಲೆ, ನಾನು ಬರೆದ ಸುಳ್ಳಿಗೆ ಸಹಿಯನ್ನೂ ಹಾಕಿದೆ.

ಶುಕ್ರವಾರ ರಾಯಚೂರಿಗೆ ಹೋಗಿದ್ದೆ. ಕಲ್ಮಲದ ಹತ್ತಿರ ಬಸ್ಸು ಕೆಟ್ಟು ಒಂದೂವರೆ ತಾಸು ರಸ್ತೆಯಲ್ಲಿ ನಿಂತಿದ್ದೆವು. ಮರಳಿ ಹೋಗಿಬಿಡಲೇ ಎಂದು ಎರಡು ಸಲ ಅನ್ನಿಸಿತು. ಸತ್ತವಳ ಹೆಸರನ್ನು ಸರಕಾರದ ಕಾಗದದಲ್ಲಿ ಹಾಕಿಸುವ ಗಂಡ ಯಾರಿದ್ದಾನೆ ಎಂದು ಒಂದು ಮನಸ್ಸು. ಹೇಳದಿದ್ದರೆ ನಿನ್ನ ಹೆಸರು ಹಾಗೆಯೇ ಉಳಿಯುತ್ತದೆ ಎಂದು ಇನ್ನೊಂದು. ಬೇರೆ ಬಸ್ಸು ಬಂತು, ಹತ್ತಿದೆ.

ಮೇಡಂ ಪೂರ್ತಿ ಕೇಳಿದರು. “ಹುಣಸಿಹಣ್ಣೇನ್ರೀ?” ಎಂದು ಒಂದು ಸಲ ಕೇಳಿದರು. ಕನ್ನಡಕ ತೆಗೆದಿಟ್ಟು, “ಖಂಡೆಪೂಜಾಕ್ಕ ಎಲ್ಲಾ ಸ್ವಚ್ಛ ತೊಳದು ಇಡ್ರಿ ಅಂತ ನಿಮಗ ಫೋನ್ ಮಾಡಿದಾಕಿ ನಾನ. ಎಲ್ಲಾ ಅಂತ ಅಂದಿದ್ದೆ” ಎಂದರು.

ಹೇಳಿಕೆ ಬರೆಯಲು ಹಾಳೆ ಕೇಳಿದೆ. “ತೀರಿಹೋದವರ ಹೆಸರು ಬರೀಲೇಬೇಕೇನ್ರೀ ಗಡಿಗೆಪ್ಪ? ಯಾರೋ ತಿಳೀದ ತೊಳದಾರ ಅಂತ ಬರದ್ರೂ ನಡೀತದ” ಎಂದರು.

“ಬರೀತೀನ್ರೀ. ಯಾರೋ ಅಂದ್ರ ಊರಾಗ ಅದು ಖಲೀಲ ಅಂತನ ಅರ್ಥ ಆಗ್ಯಾದ” ಎಂದೆ.

ಬರೆದೆ. ಗಡಿಗೆಪ್ಪನ ಹೆಂಡತಿ ಅನ್ನಮ್ಮ, ದೇವರ ಪೂಜೆಗೆಂದು, ತಿಳಿಯದೆ. ಅವಳ ಹೆಸರನ್ನು ಯಾವ ಕಾಗದದಲ್ಲಿಯೂ ನಾನು ಇಷ್ಟು ನಿಧಾನವಾಗಿ ಬರೆದಿರಲಿಲ್ಲ. ಕೆಳಗೆ ಗೋಪಮ್ಮನ ಹೆಬ್ಬೆಟ್ಟು ಬೇಕೆಂದರು. ನಿನ್ನೆ ಹಾಕಿಸಿ ಕಳಿಸಿದ್ದೇನೆ. ಅಲ್ಲಿಗೆ ಫೈಲು ಮುಗಿದ ಹಾಗೆ. ನವೆಂಬರಿಗೆ ಅಗೆತ ಮತ್ತೆ ಶುರುವಾಗುತ್ತದೆ, ಕುಲುಮೆ ಇದ್ದ ಜಾಗ ಅಗೆಯುತ್ತಾರಂತೆ. “ಕೆಂಡದ ಮುಂದ ಕೂತ ಕೈ ಬೇಕು ನಮಗ. ಖಲೀಲರನ್ನ ಕರೀರಿ, ನಾನೂ ಕರೀತೀನಿ” ಎಂದಿದ್ದಾರೆ. ಬಟ್ಟೆಯ ಅಚ್ಚು ಮಾತ್ರ ಹೋದದ್ದು ಹೋಯಿತು. ಆ ಬಟ್ಟೆ ನೇಯ್ದವರು ಯಾರು, ಗಟ್ಟಿಯನ್ನು ಸುತ್ತಿಟ್ಟು ಯಾಕೆ ಬಿಟ್ಟುಹೋದರು, ಇನ್ನು ಗೊತ್ತಾಗುವುದಿಲ್ಲ ಎಂದರು ಮೇಡಂ.

ಊರಲ್ಲಿಯೂ ಹೇಳಿದ್ದೇನೆ. ನಿನ್ನೆ ಹೋಟೆಲಿನ ಕಟ್ಟೆಯ ಮೇಲೆ ಎಲ್ಲರೂ ಇದ್ದಾಗ ಹೇಳಿದೆ. ಯಾರೋ ಒಬ್ಬ, “ಹಂಗಾರ ನಮ್ಮ ಹಂಡೆಕ್ಕ ಕಲಾಯಿ ಆಗದ ವರ್ಷ ಆತಲ್ಲೋ” ಎಂದ. ಅವರಿಗೆ ಚಿಂತೆ ಹಂಡೆಯದು. ಆದರೂ ನಿನ್ನ ಹೆಸರನ್ನು ಮೊದಲಿನ ಹಾಗೆ ಹೇಳಿದರು. ಅದನ್ನು ನನ್ನ ಕಿವಿಯಿಂದ ಕೇಳಿದ್ದೇನೆ.

ನೀನು ಸಹಿ ಹಾಕಿದ ಹಾಳೆ ಇದರೊಳಗಿದೆ. ನಾನು ಹರಿಯಲಿಲ್ಲ. ಅದು ನಿನ್ನ ಕೈಯಿಂದ ಆಗಬೇಕಾದ ಕೆಲಸ. ಬರುವುದು, ಬಿಡುವುದು ನಿನ್ನ ಮನಸ್ಸು. ಬಂದರೆ ನನ್ನ ಮನೆಯಲ್ಲೇ ಉಳಿದುಕೋ. ರೊಟ್ಟಿ ದಪ್ಪಗಾಗುತ್ತವೆ, ಸಹಿಸಿಕೋ. ನಗ್ಮಾ ಸುಖವಾಗಿರಲಿ. ನನ್ನ ಫೋನು ಇಟ್ಟುಬಿಟ್ಟಳೆಂದು ನನಗೆ ಬೇಸರವಿಲ್ಲ, ಮಗಳಾದವಳು ಹಾಗೆಯೇ ಮಾಡಬೇಕು. ಕೂಸು ನೂರು ವರ್ಷ ಬಾಳಲಿ.

ನಿನ್ನ ತಮ್ಮನಂಥ
ಗಡಿಗೆಪ್ಪ

ಕೊನೆಗೆ ಒಂದು ಮಾತು: ಮೇಲಿನದನ್ನು ಬರೆದು ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ. ಇದನ್ನು ನೋಟುಬುಕ್ಕಿನಲ್ಲಿಯೂ ಬರೆದಿಲ್ಲ.

ಖಂಡೇನವಮಿಯ ದಿನ ನಾನು ಹೂ ತರಲು ಹೋದವನು ಬೇಗ ಬಂದಿದ್ದೆ. ಖೋಲಿಯ ಹಿಂದೆ ನೀನೂ ಅನ್ನಮ್ಮನೂ ನಿಂತು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಿರಿ. ಅವಳು ಅಳುತ್ತಿದ್ದಳು. ನನ್ನನ್ನು ಕಂಡು ಇಬ್ಬರೂ ಬಾಯಿ ಮುಚ್ಚಿದಿರಿ. ನೀನು ಮರುದಿನವೇ ಊರು ಬಿಟ್ಟೆ. ನವೆಂಬರಿನಲ್ಲಿ ಮೇಡಂ ಕೇಳಿದಾಗ ಬೇರೆ ಯಾರೂ ಇರಲಿಲ್ಲ ಎಂದೆನಲ್ಲ, ಅದು ಸುಳ್ಳು. ಅವಳು ನಿನ್ನ ಜೊತೆ ಇದ್ದಳು ಎಂದು ನಾಲ್ಕು ಜನರ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ತಾಮ್ರ ಒಂದು ನೆಪವಾಗಿ ಸಿಕ್ಕಿತು. ನೀನು ಇನ್ನು ಈ ಊರಿಗೆ ಕಾಲಿಡಬಾರದು ಎಂಬುದಷ್ಟೇ ನನಗೆ ಬೇಕಿತ್ತು.

ಅವತ್ತಿನಿಂದ ಅವಳ ಜೊತೆ ಬೇಕಾದಷ್ಟೇ ಮಾತು. ಉಪ್ಪು ಕೊಡು, ಬಾಗಿಲು ಹಾಕು, ಅಷ್ಟೆ. ನಾಲ್ಕು ತಿಂಗಳು. ಅವಳ ಕೈಯನ್ನೂ ನಾನು ನೋಡಲಿಲ್ಲ. ಆಸ್ಪತ್ರೆಯಲ್ಲಿ ಐದನೆಯ ದಿನ ಸ್ವಲ್ಪ ಎಚ್ಚರವಿತ್ತು. “ನನ್ನ ಮ್ಯಾಲ ಯಾಕ ಸಿಟ್ಟು, ಇವತ್ತರ ಹೇಳ್ರಿ. ನಾನೂ ಒಂದು ಹೇಳಾದದ” ಎಂದಳು. “ಸಿಟ್ಟೇನಿಲ್ಲ, ಮಲಕೋ” ಎಂದು ಹೇಳಿ ಹೊರಗೆ ಬಂದು ಚಹಾ ಕುಡಿದೆ. ಅವಳು ಏನು ಹೇಳುತ್ತಾಳೆ ಎಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಕೇಳಲು ಹೆದರಿಕೆಯಾಗಿತ್ತು. ಮರುದಿನ ಅವಳಿಗೆ ಮಾತು ಇರಲಿಲ್ಲ.

ಮೂವತ್ತೊಂದು ವರ್ಷ ಒಂದೇ ಮನೆಯಲ್ಲಿ ಇದ್ದೂ, ಒಂದು ತಾಮ್ರದ ಮುದ್ದೆ ತೊಳೆದದ್ದನ್ನು ಹೇಳಲು ಅವಳಿಗೆ ನನ್ನ ಭಯವಿತ್ತು. ಆ ಭಯವನ್ನು ನಿನ್ನ ಮುಂದೆ ಹೇಳಿಕೊಂಡು ಅತ್ತಳು. ಖೋಲಿಯ ಹಿಂದೆ ಅವಳು ಏನೆಂದಳು, ನನ್ನ ಬಗ್ಗೆ ಏನಾದರೂ ಅಂದಳೇ, ಅಂದದ್ದು ಕೆಟ್ಟದ್ದಾದರೂ ಸರಿ, ಅವಳು ಆಡಿದ ಮಾತಿನಲ್ಲೇ ಬರೆದು ಕಳಿಸು.